ಸುಣ್ಣ ಬಳಿದ ಹನ್ನೆರಡು ಮರ

ಗಂಡ ತೀರಿಕೊಂಡ ಮೇಲೆ ತಿಪ್ಪಮ್ಮನ ಹೊಟ್ಟೆ ಹೊರೆದದ್ದು ಮುತ್ತುಗದ ಎಲೆ. ಅಜ್ಜಂಪುರದಾಚೆಯ ಗುಡ್ಡದಿಂದ ಎಲೆ ತಂದು, ಕಡ್ಡಿ ಚುಚ್ಚಿ ಊಟದೆಲೆ ಹಚ್ಚಿ, ತರೀಕೆರೆ ಬಸ್‌ಸ್ಟ್ಯಾಂಡಿನ ಹೋಟೆಲುಗಳಿಗೆ ಹಾಕುತ್ತಿದ್ದಳು. ಆ ಗುಡ್ಡಕ್ಕೆ ಹೊಸಬರು ಯಾರೇ ಕಾಲಿಟ್ಟರೂ ಅವಳಿಗೆ ಅನುಮಾನ.

೧೯೭೯ರ ಬೇಸಿಗೆಯ ಒಂದು ಬೆಳಿಗ್ಗೆ ಅಲ್ಲಿ ಹನ್ನೆರಡು ಮರಗಳಿಗೆ ಸುಣ್ಣದ ಪಟ್ಟಿ ಬಳಿದಿತ್ತು. ಹಿಂದಿನ ದಿನ ಫಾರೆಸ್ಟ್ ಗಾರ್ಡು ರೇವಣಪ್ಪನ ಜೊತೆ ಪ್ಯಾಂಟಿನ ಸಾಹೇಬರಿಬ್ಬರು ಸುತ್ತಾಡಿದ್ದನ್ನು ಅವಳು ಪೊದೆಯ ಮರೆಯಿಂದ ಕಂಡಿದ್ದಳು. ಗುರುತು ಹಾಕುವುದು ಕಡಿಯುವುದಕ್ಕಲ್ಲದೆ ಮತ್ಯಾಕೆ? ಯಾರನ್ನೂ ಕೇಳಲಿಲ್ಲ, ಕೇಳಿದರೆ ನಿಜ ಹೇಳುವವರು ಯಾರು? ಹಳ್ಳದ ನೀರು ತಂದು ಹನ್ನೆರಡನ್ನೂ ಉಜ್ಜಿ ತೊಳೆದಳು. ಸಂಜೆಯ ಮಳೆ ಉಳಿದ ಕಲೆಯನ್ನೂ ಅಳಿಸಿತು.

ಮರುದಿನ ರೇವಣಪ್ಪ ಬಾಗಿಲಿಗೆ ಬಂದ. ಅವನ ಕಣ್ಣು ಅವಳ ಸೆರಗಿಗಂಟಿದ ಸುಣ್ಣದ ಮೇಲಿತ್ತು.

“ಗುರುತು ಅಳಿಸಿದ್ದು ನೀನೇ ಅಲ್ವೇನಮ್ಮ?”

“ಹೂಂ, ನಾನೇ. ಕಡಿಯೋಕೆ ಬಿಡ್ತೀನಾ?”

“ಅಯ್ಯೋ, ಅವು ಬಿಡೋ ಮರ ಕಣಮ್ಮ! ಬೀಜಕ್ಕೆ ಹನ್ನೆರಡು ಬಿಟ್ಟು, ಮಿಕ್ಕಿದ್ದೆಲ್ಲ ಕಡಿದು ನೀಲಗಿರಿ ನೆಡ್ತಾರೆ. ನಾಳೆ ಕಂಟ್ರಾಕ್ಟರ್ ಬತ್ತಾನೆ. ಗುರುತಿಲ್ದಿದ್ರೆ ಒಂದೂ ಉಳಿಯಲ್ಲ, ನನ್ ಕೆಲ್ಸಾನೂ ಉಳಿಯಲ್ಲ. ನಂಗೆ ಎಲ್ಲಾ ನೆಪ್ಪಿಲ್ಲ, ತೋರ್ಸು ಬಾ.”

ತಿಪ್ಪಮ್ಮನಿಗೆ ಅನುಮಾನ ಬಂತು. ಕಡಿಯುವ ಮರಗಳನ್ನು ತನ್ನ ಕೈಲೇ ತೋರಿಸಿಕೊಳ್ಳುವ ಉಪಾಯವೇ ಇದು? ಕೆಲಸ ಹೋಗುವ ಭಯದಲ್ಲಿ ಅವನು ಆಗಲೇ ಸುಣ್ಣದ ಡಬ್ಬ ಎತ್ತಿಕೊಂಡು ಗುಡ್ಡದತ್ತ ಹೆಜ್ಜೆ ಹಾಕಿದ್ದ. ಅರೆಮನಸ್ಸಿನಿಂದ ನಂಬಿ ಹೊರಟಳು.

ಸಾಹೇಬರು ಆರಿಸಿದ್ದು ನೆಟ್ಟಗೆ ಬೆಳೆದ ಮತ್ತಿ, ಹೊನ್ನೆ. ಹನ್ನೆರಡೂ ಅವಳಿಗೆ ನೆನಪಿದ್ದವು. ಅವಳು ತೋರಿಸಿದ್ದು ಮಾತ್ರ ಬೇರೆ: ಮುತ್ತುಗಗಳು, ಮಕ್ಕಳ ಕೆಮ್ಮಿಗೆ ಕಾಯಿ ಕೊಡುವ ಅಳಲೆ, ಒರತೆಯ ಸುತ್ತಲಿನ ನೇರಳೆಗಳು.

“ಈ ಸೊಟ್ಟ ಮರಕ್ಕೂ ಬಳಿದಿದ್ರಾ?”

“ತೊಳೆದೋಳು ನಾನಲ್ವಾ ಸ್ವಾಮಿ?”

ರೇವಣಪ್ಪ ನಂಬಲಿಲ್ಲ. ಆದರೂ ಬಳಿದ.

ಎಂಟು ದಿನ ಕೊಡಲಿ ಆಡಿತು. ಮತ್ತಿ ಮರ ಉರುಳಿದ ಸದ್ದು ಕೇಳಿದಾಗಲೆಲ್ಲ, ತಾನೇ ಅದನ್ನು ಕೊಟ್ಟುಬಿಟ್ಟೆ ಎನಿಸಿ ಅವಳು ಹಚ್ಚುತ್ತಿದ್ದ ಎಲೆಯನ್ನು ಕೆಳಗಿಡುತ್ತಿದ್ದಳು. ಮುಂದೆ ನೀಲಗಿರಿ ಎದ್ದಿತು. ಅದರಡಿ ಹುಲ್ಲೂ ಸರಿಯಾಗಿ ಹುಟ್ಟಲಿಲ್ಲ. ನೇರಳೆಯಡಿಯ ಒರತೆಗೆ ಮಾತ್ರ ಊರ ಹೆಂಗಸರು ಬೇಸಿಗೆಯಲ್ಲೂ ಕೊಡ ಹಿಡಿದು ಬರುತ್ತಿದ್ದರು.

ಐದು ವರ್ಷದ ಮೇಲೆ ವರ್ಗವಾಗಿ ಹೊರಟ ರೇವಣಪ್ಪ ಅಲ್ಲೇ ಬೊಗಸೆಯಲ್ಲಿ ನೀರು ಕುಡಿದು ಕೇಳಿದ: “ಈಗ್ಲಾದ್ರೂ ಹೇಳಮ್ಮ, ಇವೇನಾ ಸಾಹೇಬ್ರು ಬಳಿದಿದ್ದು?”

ತಿಪ್ಪಮ್ಮ ಅವನ ಮುಖವನ್ನೇ ದಿಟ್ಟಿಸಿದಳು.

“ಈಗ್ಯಾಕೆ ಕೇಳ್ತೀರಿ? ಮತ್ತೆ ಯಾರಾದ್ರೂ ಕಡಿಯೋಕೆ ಬತ್ತಾರಾ?”