ತೆಂಗು ವಾಪಸ್ ಕೊಟ್ಟ ನೀರು

ಪಂಪು ಬೆಳಗ್ಗಿನಿಂದ ಓಡುತ್ತಲೇ ಇತ್ತು. ನೀರು ಮಾತ್ರ ನನ್ನ ಪಾದ ಮುಳುಗಿಸಿ ಮೇಲೇರುತ್ತಿತ್ತು. ಬೆಳ್ಳಾರೆ ಪೇಟೆಯ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ನನ್ನ ಹೊಲಿಗೆ ಅಂಗಡಿ. ಪ್ರತಿ ಮಳೆಗಾಲದ ಈ ಕಾಟ ತಪ್ಪಿಸಲೆಂದೇ ಬೇಸಿಗೆಯಲ್ಲಿ ಮೂಲೆಯಲ್ಲೊಂದು ಗುಂಡಿ ತೋಡಿಸಿ ಪಂಪು ಕೂರಿಸಿದ್ದೆ. ಶಾಲೆ ಮಕ್ಕಳ ಸಮವಸ್ತ್ರದ ಕಟ್ಟನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿ ಬಂದರೆ, ಮೊಮ್ಮಗಳ ಲಂಗ ಒಯ್ಯಲು ಬಂದಿದ್ದ ಕಮಲಕ್ಕ ಗೋಡೆಗೆ ತಾಗಿಕೊಂಡ ತೆಂಗಿನ ಮರವನ್ನೇ ನೋಡುತ್ತ ನಿಂತಿದ್ದರು.

"ಪಂಪಿನ ಪೈಪನ್ನು ತೆಂಗಿನ ಬುಡಕ್ಕೆ ಬಿಟ್ಟದ್ದು ಯಾರು ಮಾರಾಯ್ತಿ?"

"ನಾನೇ. ನೀರು ಸುಮ್ಮನೆ ಹಾಳು ಮಾಡುದು ಯಾಕೆ ಅಂತ."

"ಈ ಮಳೆಗೆ ಅದಕ್ಕೆ ಎಂತ ಬಾಯಾರಿಕೆ ಉಂಟು? ಗೋಡೆಯ ಅಡಿಯಿಂದ ನಿನಗೇ ವಾಪಸ್ ಕೊಡ್ತಾ ಉಂಟು!"

ಇಬ್ಬರೂ ಸೇರಿ ಪೈಪಿಗೆ ಇನ್ನೊಂದು ತುಂಡು ಜೋಡಿಸಿ ಇಳಿಜಾರಿನ ಚರಂಡಿಗೆ ಬಿಟ್ಟೆವು. ಮಧ್ಯಾಹ್ನದೊಳಗೆ ನೆಲದ ಕೆಂಪು ಸಿಮೆಂಟು ಕಂಡಿತು. ಲಂಗದ ಅಂಚನ್ನು ಅಲ್ಲೇ ಕೂತು ಹೊಲಿದುಕೊಟ್ಟೆ.

ಆಮೇಲೂ ಮಳೆ ದಿನಗಟ್ಟಲೆ ಜಡಿಯಿತು. ವರ್ಷವರ್ಷವೂ ಮೇಜು ಹತ್ತಿ ಕೂರುತ್ತಿದ್ದ ನನ್ನ ಹೊಲಿಗೆ ಯಂತ್ರ ಈ ಸಲ ನೆಲ ಬಿಟ್ಟು ಕದಲಲಿಲ್ಲ.