ಮೂವರು ಹೊಗಳಿದ ಎಮ್ಮೆ

ಮೊಮ್ಮಗಳು ಕಾಲೇಜಿನ ಕೆಲಸಕ್ಕೆಂದು ಕಂಪ್ಯೂಟರಿನೊಳಗೆ ಒಂದು ಸಂತೆ ಕಟ್ಟಿದ್ದಳು. ಅದರಲ್ಲಿ ಕೊಳ್ಳುವವರೂ ಮಾರುವವರೂ ಬರೀ ಪ್ರೋಗ್ರಾಮುಗಳು. ಯಾರನ್ನು ನಂಬಬೇಕೆಂದು ಅವು ಒಂದನ್ನೊಂದು ಕೇಳಿಕೊಳ್ಳುತ್ತಿದ್ದವು. ಆದರೂ ಪ್ರತಿ ಸಲ ಮಾರುವವರಲ್ಲಿದ್ದ ಒಬ್ಬ ಮೋಸಗಾರನೇ ಗೆಲ್ಲುತ್ತಿದ್ದ. ಮರುದಿನ ಮಾಸ್ತರರಿಗೆ ತೋರಿಸಬೇಕು. ಹುಡುಗಿ ಉಣ್ಣದೆ ಕುಳಿತಿದ್ದಳು.

"ಹತ್ತು ಮಂದಿ ಅವ ಚೊಲೊ ಅಂತಾರ, ಆಯಿ. ಅದಕ್ಕ ಎಲ್ಲಾರೂ ನಂಬ್ತಾರ."

"ಆ ಹತ್ತು ಮಂದಿಗೆ ಹೇಳಿದವ್ರು ಯಾರು?" ಎಂದೆ.

ಹಿಂದೆ ನಾನೊಂದು ಎಮ್ಮೆ ಕೊಳ್ಳುವಾಗ ಹತ್ತಿಮತ್ತೂರಿನ ನಮ್ಮ ಓಣಿಯ ಮೂವರು ಅದನ್ನು ಹೊಗಳಿದ್ದರು. ಮೂವರಿಗೂ ಹೇಳಿದವಳು ಮಾರಿದವನ ಹೆಂಡತಿಯೇ ಎಂದು ಆಮೇಲೆ ತಿಳಿಯಿತು. ಒಬ್ಬರೂ ಅದರ ಹಾಲು ಹಿಂಡಿರಲಿಲ್ಲ. ಮೊದಲ ದಿನವೇ ಅದು ತಂಬಿಗೆಯನ್ನೂ ನನ್ನನ್ನೂ ಒದ್ದು ಉರುಳಿಸಿತು. ಅದನ್ನೇ ಅವಳಿಗೆ ಹೇಳಿದೆ.

"ತಾವ ಹಿಂಡಿದವ್ರ ಮಾತು ಅಷ್ಟ ಹಿಡಿ. ಒಬ್ಬಾಕಿ ಕಡೆ ಕೇಳಿದ ಹತ್ತು ಮಂದೀದು ಒಂದ ಬಾಯಿ ಅಂತ ತಿಳಿ."

"ಮತ್ತ ನಿನ್ನ ಮಾತು ಯಾಕ ನಂಬ್ಲಿ?"

"ಒದಿಸ್ಕೊಂಡಾಕಿ ನಾನ ಅಲ್ಲೇನ!"

ಅವಳು ನಗುತ್ತ ಪ್ರೋಗ್ರಾಮುಗಳನ್ನು ಹಾಗೇ ತಿದ್ದಿದಳು. ಮೋಸಗಾರನಿಗೆ ಎಮ್ಮೆ ಮಾರಿದವನ ಹೆಸರಿಡು ಎಂದೆ, ಅದನ್ನೂ ಇಟ್ಟಳು. ಮತ್ತೆ ಸಂತೆ ನಡೆಸಿದಾಗ ಅವನ ಅಂಗಡಿಗೆ ಒಬ್ಬರೂ ಹೋಗಲಿಲ್ಲ. ಆಗ ರೊಟ್ಟಿ ಕೇಳಿದಳು.