ಅಕ್ಕನಿಗೆ ತಿನ್ನಿಸುತ್ತ ಕರೆತಂದ ದಾರಿ

ನೆಂಟರು ಬಂದರೆ ಅಪ್ಪ ಅವರನ್ನು ನೇರವಾಗಿ ಮನೆಗೆ ಕರೆತಂದದ್ದೇ ಇಲ್ಲ. ಅಪ್ಪನಿಗೆ ಚಿನ್ನದ ಗಣಿಯಲ್ಲಿ ಕೆಲಸ, ನಾವಿದ್ದದ್ದು ಉರಿಗಾಂನ ಲೈನ್ ಮನೆಯಲ್ಲಿ, ಗಣಿಯವರ ಸಾಲುಮನೆಗಳಲ್ಲೊಂದರಲ್ಲಿ. ಹಳ್ಳಿಯಿಂದ ಯಾರು ಬಂದರೂ ಅಪ್ಪನೇ ಬಂಗಾರಪೇಟೆಯವರೆಗೆ ಎದುರು ಹೋಗುತ್ತಿದ್ದರು. ಸ್ಟೇಷನ್ ರಸ್ತೆಯಲ್ಲಿ ಎರಡು ಇಡ್ಲಿ ತಿನ್ನಿಸಿ ರೈಲು ಹತ್ತಿಸುವುದು. ರೈಲು ಉರಿಗಾಂಗೇ ಹೋಗುತ್ತಿದ್ದರೂ ಅವರನ್ನು ಕೋರಮಂಡಲ್‌ನಲ್ಲೇ ಇಳಿಸಿ, ಅಲ್ಲಿಂದ ನಡೆಸಿಕೊಂಡು ಬರುವುದು. ದಾರಿಯಲ್ಲಿ ತಮಿಳು ಅಜ್ಜಿಯೊಬ್ಬರ ಪುಟ್ಟು, ಬೇಕರಿಯ ಬಿಸಿ ಬನ್ನು, ತೆಲುಗಿನವರೊಬ್ಬರ ಮೆಣಸಿನಕಾಯಿ ಬಜ್ಜಿ, ಕೊನೆಗೆ ಮನೆಯ ಹತ್ತಿರ ಒಂದು ಟೀ. ಒಂದು ಕಡೆ ಒಂದೇ ತಿಂಡಿ. ಒಂದೇ ಹೋಟೆಲಿನಲ್ಲಿ ಕೂತು ಹೊಟ್ಟೆ ತುಂಬಿಸಿಕೊಳ್ಳುವವರನ್ನು ಕಂಡರೆ ಅಪ್ಪನಿಗೆ ಕನಿಕರ. ‘ನಿಮ್ಮ ಮನೆಗೆ ಬರಬೇಕಾದರೆ ಎರಡು ಹೊಟ್ಟೆ ತರಬೇಕು’ ಎಂದು ನೆಂಟರು ರೇಗಿಸುತ್ತಿದ್ದರು. ಅಮ್ಮ ಮಾಡಿಟ್ಟ ಅಡುಗೆ ಹಾಗೇ ಉಳಿಯುತ್ತಿತ್ತು, ಅದಕ್ಕೆ ಅಮ್ಮನಿಂದ ಬೈಗುಳವೂ ಆಗುತ್ತಿತ್ತು.

ಇದೇ ದಾರಿಯಲ್ಲಿ ಅಪ್ಪ ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದರು. ಲೈನಿನಲ್ಲಿ ಯಾರಾದರೂ ತೀರಿಕೊಂಡರೆ, ಅವರ ಕಡೆಯವರನ್ನು ಸ್ಟೇಷನ್ನಿನಿಂದ ಕರೆತರುವ ಹೊಣೆ ಅವರದೇ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಮಣ್ಣಾಗುವವರೆಗೆ ಯಾರ ಬಾಯಿಗೂ ಏನೂ ಬೀಳುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಹೊರಟು ಬಂದವರಿಗೆ ಅಳುವುದಕ್ಕಾದರೂ ಶಕ್ತಿ ಬೇಡವೇ ಎಂಬುದು ಅಪ್ಪನ ವಾದ. ಅದಕ್ಕೇ ಅವರಿಗೂ ತಿನ್ನಿಸಿಕೊಂಡೇ ಬರುತ್ತಿದ್ದರು, ಒಂದೊಂದು ತಿಂಡಿಗೆ ಒಂದಿಷ್ಟು ನಿಜ ಹೇಳುತ್ತ. ಇಡ್ಲಿಯ ಹತ್ತಿರ, ಮೈಗೆ ಹುಷಾರಿಲ್ಲ. ಪುಟ್ಟಿನ ಹತ್ತಿರ, ಆಸ್ಪತ್ರೆಗೆ ಸೇರಿಸಿದೆ. ಬಜ್ಜಿಯ ಹತ್ತಿರ, ಡಾಕ್ಟರು ಕೈಬಿಟ್ಟಿದ್ದಾರೆ. ಟೀ ಕುಡಿಸಿದ ಮೇಲೆ ಹೆಗಲ ಮೇಲೆ ಕೈ ಹಾಕಿ ಉಳಿದದ್ದನ್ನು ಹೇಳುತ್ತಿದ್ದರು. ನಾನೂ ಗಣಿಗೆ ಸೇರಿದ ಮೇಲೆ ಎರಡು ಸಲ ಅವರ ಜೊತೆ ಹೋಗಿದ್ದೆ. ಎಲ್ಲ ಕಲಿತೆ ಅಂದುಕೊಂಡಿದ್ದೆ.

ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ಬೆಳಗಿನ ಜಾವ, ಅಪ್ಪ ತೀರಿಕೊಂಡರು. ಗಣಿಯ ದೂಳು ಕುಡಿದ ಶ್ವಾಸಕೋಶ ವರ್ಷಗಳಿಂದ ಕೈಕೊಡುತ್ತಲೇ ಇತ್ತು. ಅಕ್ಕನನ್ನು ಕೊಟ್ಟದ್ದು ಬಂಗಾರಪೇಟೆಯಿಂದಾಚೆಯ ಒಂದು ಹಳ್ಳಿಗೆ. ಮೊದಲ ಬಸ್ಸಿಗೆ ಆಳು ಕಳಿಸಿ, ಅಪ್ಪ ಕರೀತಾರೆ ಎಂದಷ್ಟೇ ಹೇಳಿಸಿದೆವು. ಅವಳನ್ನು ಕರೆತರಲು ನಾನು ಹೊರಟೆ. ‘ಬಿರ್ನೆ ಕರ್ಕೊಂಡು ಬಾರ್ಲಾ’ ಎಂದರು ಅಮ್ಮ. ಅಷ್ಟು ಮಾತ್ರ ಹೇಳಿದ್ದು.

ಅಕ್ಕ ಬಂಗಾರಪೇಟೆಯಲ್ಲಿ ಬಸ್ಸಿಳಿಯುವಾಗ ಮಧ್ಯಾಹ್ನವಾಗಿತ್ತು. ನಾನು ಇಡ್ಲಿ ಹೋಟೆಲಿನ ಕಡೆ ತಿರುಗಿದ ಕೂಡಲೇ ಅವಳು ನಿಂತುಬಿಟ್ಟಳು. ಅಪ್ಪನ ಮಗಳು, ಆ ದಾರಿಯ ಎರಡು ಉಪಯೋಗವೂ ಅವಳಿಗೆ ಗೊತ್ತಿತ್ತು.

“ನಿಜ ಏಳ್ಲಾ. ಅಪ್ಪ ಇನ್ನೂ ಅವ್ರಾ?”

“ಅವ್ರೆ ಕಣಕ್ಕ. ಒಸಿ ಮೈ ಸರಿಯಿಲ್ಲ, ಅಷ್ಟೆ. ನೀನು ತಿನ್ನು ಮೊದ್ಲು.”

ನನ್ನ ಮುಖವನ್ನೇ ನೋಡಿದಳು. ಆಮೇಲೆ ನಕ್ಕಳು. “ಒಟ್ಟೆ ಉರೀತಿತ್ತು ಕಣ್ಲಾ, ಬಸ್ಸಲ್ಲೆಲ್ಲ ಕೆಟ್ಟದ್ದೇ ನೆನೆಸ್ಕೊಂಡು ಬಂದೆ” ಎಂದು ಕೂತು ಎರಡರ ಜಾಗದಲ್ಲಿ ನಾಲ್ಕು ಇಡ್ಲಿ ತಿಂದಳು. ನಾವು ಕೈ ತೊಳೆಯುವಷ್ಟರಲ್ಲಿ ರೈಲು ಹೋಗಿತ್ತು. ಮುಂದಿನದಕ್ಕೆ ಪ್ಲಾಟ್‌ಫಾರಂನಲ್ಲಿ ಕಾದೆವು. ಅವಳು ಹಸು ಕರು ಹಾಕಿದ್ದು, ಮಗ ಮರದಿಂದ ಬಿದ್ದದ್ದು ಎಲ್ಲ ಹೇಳುತ್ತಿದ್ದಳು.

ಕೋರಮಂಡಲ್‌ನಲ್ಲಿ ಇಳಿದೆವು. ಪುಟ್ಟಿನ ಅಜ್ಜಿ ಅವಳನ್ನು ಗುರುತು ಹಿಡಿದು ‘ಸಾಪ್ಡುಮ್ಮಾ, ಸಾಪ್ಡು’ ಎಂದು ಎರಡನೆಯ ಸಲವೂ ಬಡಿಸಿದರು. ಅಲ್ಲಿ ನಾನು ಆಸ್ಪತ್ರೆಯ ಮಾತು ಎತ್ತಬೇಕಿತ್ತು, ಎತ್ತಲಿಲ್ಲ. ಬೇಕರಿಯಲ್ಲಿ ಅವಳು ಅಪ್ಪನಿಗೆಂದು ಮೆತ್ತನೆಯ ಬನ್ನು ಆರಿಸಿ ಆರಿಸಿ ಕಟ್ಟಿಸಿಕೊಂಡಳು. ಅಲ್ಲೂ ಬಾಯಿ ಬರಲಿಲ್ಲ.

ಪದ್ಧತಿ ಪಾಲಿಸುತ್ತಿದ್ದೆ ಎಂದು ಆಮೇಲೆ ಎಲ್ಲರಿಗೂ ಹೇಳಿಕೊಂಡೆ. ಸುಳ್ಳು. ಬೆಳಗಿನಿಂದ ನಾನು ನೋಡಿದ ಪ್ರತಿಯೊಂದು ಮುಖದಲ್ಲೂ ಅಪ್ಪ ಸತ್ತಿದ್ದರು, ಅಕ್ಕನ ಮುಖದಲ್ಲಿ ಮಾತ್ರ ಬದುಕಿದ್ದರು. ಅವಳು ಬಾಯಿ ತುಂಬ ತುಂಬಿಕೊಂಡು, ಅಪ್ಪನನ್ನು ಹೇಗೆ ಬೈಯಬೇಕು, ಬೀಡಿ ಹೇಗೆ ಬಿಡಿಸಬೇಕು ಎಂದು ಲೆಕ್ಕ ಹಾಕುತ್ತಿದ್ದಳು. ಅದನ್ನು ಇನ್ನೂ ಸ್ವಲ್ಪ ಹೊತ್ತು ಕೇಳುವ ಆಸೆ ನನಗೆ. ಬಜ್ಜಿಯ ಹತ್ತಿರ ನಾನೇ ಇನ್ನೊಂದು ತಟ್ಟೆ ಹೇಳಿದೆ. ಖಾರಕ್ಕೆ ಅವಳ ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡು ಮತ್ತೆ ನಕ್ಕಳು.

ಟೀ ಅಂಗಡಿಗೆ ಬಂದಾಗ ಬಿಸಿಲು ಇಳಿದಿತ್ತು. ಅವಳು ಕುಡಿದು ಲೋಟ ಇಟ್ಟ ಮೇಲೆ ಹೆಗಲ ಮೇಲೆ ಕೈ ಹಾಕಿದೆ. ಹೇಳುವುದೇ ಬೇಕಾಗಲಿಲ್ಲ. ಬನ್ನಿನ ಪೊಟ್ಟಣ ಎದೆಗೆ ಅವುಚಿಕೊಂಡು ಓಡಿದಳು.

ನಮ್ಮ ಬಾಗಿಲಲ್ಲಿ ಹೆಂಗಸರು ನೀರು ಹಾಕಿ ತೊಳೆಯುತ್ತಿದ್ದರು. ಅಪ್ಪನನ್ನು ಎತ್ತಿ ಆಗಿತ್ತು.

ಅಕ್ಕ ನಿಲ್ಲಲಿಲ್ಲ. ನಮ್ಮ ಕಡೆ ಹೆಂಗಸರು ಮಣ್ಣಿಗೆ ಹೋಗುವುದಿಲ್ಲ, ಅವಳು ಹೋದಳು. ನಾವು ಸ್ಮಶಾನ ಮುಟ್ಟುವಾಗ ಗುಂಡಿ ಮುಚ್ಚಿ, ಮೇಲಿನ ಮಣ್ಣನ್ನು ಸಮ ಮಾಡುತ್ತಿದ್ದರು. ಪಕ್ಕದ ಮನೆಯ ಹಿರಿಯರು ಗುದ್ದಲಿ ಊರಿ ನನ್ನ ಕಡೆ ತಿರುಗಿದರು.

“ಎಲ್ಲಿ ಓಗಿದ್ರಲಾ? ಬಿಸ್ಲಿಗೆ ಮೈ ತಡೀಲಿಲ್ಲ. ಕಾದು ಕಾದು, ಮಗ ಇಲ್ದೇನೇ ಒಂದ್ ಗಂಟೆ ಮುಂಚೆ ಎತ್ತಿದ್ವಿ. ಎಷ್ಟೊತ್ತಿಗೆ ಎತ್ತೋದು ಅಂತ ಕೇಳ್ಕೊಂಡು ಓಗಬಾರ್ದಾ? ನಿಮ್ಮಪ್ಪ ಮೊದ್ಲು ಅದ್ನ ಕೇಳಿ, ಆಮೇಲೇ ಸ್ಟೇಷನ್‌ಗೆ ಓಗೋರು.”

ಅದು ನನಗೆ ಗೊತ್ತಿರಲಿಲ್ಲ. ಜೊತೆ ಹೋದ ಎರಡು ಸಲವೂ ನಾನು ನೋಡಿದ್ದು ಅಪ್ಪ ಏನು ತಿನ್ನಿಸುತ್ತಾರೆ, ಏನು ಹೇಳುತ್ತಾರೆ ಎಂಬುದನ್ನು ಮಾತ್ರ. ಹೊರಡುವ ಮುಂಚೆ ಯಾರನ್ನೋ ಏನೋ ಕೇಳಿದ್ದು ನನ್ನ ಗಮನಕ್ಕೇ ಬಂದಿರಲಿಲ್ಲ.

ಅಕ್ಕ ಅಳಲಿಲ್ಲ. ಹಸಿ ಮಣ್ಣನ್ನು ನೋಡುತ್ತಲೇ ಕೇಳಿದಳು.

“ನಾನು ಬಜ್ಜಿ ತಿನ್ನೋವಾಗ ಅಪ್ಪ ಇನ್ನೂ ಮನೇಲೇ ಇದ್ರೇನ್ಲಾ?”

ಹಿರಿಯರು ಹೇಳಿದ ಹೊತ್ತನ್ನು ನಾವು ನಡೆದ ಹೊತ್ತಿಗೆ ಹೊಂದಿಸಿ ನೋಡಿದೆ. ಇನ್ನೊಂದು ಸುಳ್ಳು ಹೇಳಬಹುದಿತ್ತು.

“ಇದ್ರು ಕಣಕ್ಕ.”

ಅವಳು ಬೇಲಿಯ ಪಕ್ಕಕ್ಕೆ ಹೋಗಿ ಕುಕ್ಕರುಗಾಲಲ್ಲಿ ಕೂತು, ಗಂಟಲಿಗೆ ಬೆರಳು ಹಾಕಿ, ತಿಂದದ್ದನ್ನೆಲ್ಲ ಕಕ್ಕಿದಳು. ಹಣೆ ಹಿಡಿದುಕೊಳ್ಳಲು ಹೋದೆ. ನನ್ನ ಕೈಯನ್ನು ತಳ್ಳಿದಳು.